ಮುಚ್ಚಿಯೇ ಇದ್ದ ವಾಲ್ವ್

ಗಡಿಯಾರ ರಿಪೇರಿ ಬಿಟ್ಟು ಹೆಂಡತಿಯೊಡನೆ ದೋಣಿಯಲ್ಲೇ ಸಂಸಾರ ಹೂಡಿದ್ದ ಮುದುಕ ಎಂಜಿನ್ನಿಗೆ ಬೇರೆಯವರ ಕೈ ಸೋಕಿಸುತ್ತಿರಲಿಲ್ಲ. ಹೋದ ವಾರ ಜ್ವರ ಬಂದಾಗ ಮಾತ್ರ ಪಕ್ಕದ ದೋಣಿಯ ಮೆಕ್ಯಾನಿಕ್ ಬೆಲ್ಟು ಬದಲಿಸಿಕೊಟ್ಟಿದ್ದ. ಈ ಬೆಳಿಗ್ಗೆ ಎಂಜಿನ್ ಕಾದು ಹೊಗೆಯುಗುಳಿದ್ದೇ ತಡ, ಮುದುಕ ದಡದ ಜನರೆದುರು ಅವನ ಮೇಲೆ ಹರಿಹಾಯ್ದ. “ಕೆಡಿಸಿದ್ದು ನೀನೇ ಕಣಯ್ಯ.” ಮೆಕ್ಯಾನಿಕ್ ತನ್ನ ದೋಣಿಗೆ ಹೊರಟುಹೋದ.

ಮುದುಕ ಎಂಜಿನ್ ಮೇಲಿನ ಹಲಗೆ ಎತ್ತಿ ನೋಡಿದರೆ, ಎಂಜಿನ್ನನ್ನು ತಂಪಾಗಿಡುವ ನೀರಿನ ವಾಲ್ವ್ ಮುಚ್ಚಿಯೇ ಇತ್ತು. ನಿನ್ನೆ ನೀರು ಸೋಸುವ ಜಾಲರಿ ತೊಳೆಯಲು ಮುಚ್ಚಿದವನು ತಾನೇ. ಮುಚ್ಚಿದೊಡನೆ ಎಂಜಿನ್ ಕೀಲಿಯನ್ನು ಅದರ ಹಿಡಿಗೆ ನೇತುಹಾಕಿ, ಆಗ ವಾಲ್ವ್ ತೆರೆಯದೆ ಎಂಜಿನ್ ಹೊರಡಿಸಲು ಮರೆತೂ ಆಗುವುದಿಲ್ಲ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವನೂ ತಾನೇ. ನಿನ್ನೆ ಮಾತ್ರ ಕೀಲಿ ನೇತುಹಾಕಿರಲಿಲ್ಲ. ಮುಖದ ನೀರಿಳಿಯಿತು.

“ನಂದೇ ತಪ್ಪು ಕಣೇ,” ಎಂದ ಹೆಂಡತಿಗೆ.

“ನನ್ನ ಹತ್ರ ಒಪ್ಕೊಂಡ್ರೇನು ಬಂತು? ಬೈಸ್ಕೊಂಡವನು ಅಲ್ಲಿದಾನೆ.”

ಮುದುಕ ಅದೇ ಜನರ ನಡುವೆ ತಲೆ ತಗ್ಗಿಸಿ ಮೆಕ್ಯಾನಿಕ್ ಬಳಿಗೆ ನಡೆದ. ಬೈಯುವಾಗ ಎದ್ದ ದನಿ ಈಗ ಏಳಲಿಲ್ಲ. “ತಪ್ಪು ನಂದೇ ಕಣಯ್ಯ” ಎಂದು ಎರಡು ಸಲ ಹೇಳಬೇಕಾಯಿತು.