ಹತ್ತು ಮೈಲಿ ಸಾಹೇಬರು

ಸೇತುವೆ ಇನ್‌ಸ್ಪೆಕ್ಟರರಿಗೆ ಜನ ಇಟ್ಟ ಹೆಸರು ಹತ್ತು ಮೈಲಿ ಸಾಹೇಬರು. ಹಳೇ ಸೇತುವೆಯ ಮೂರನೇ ಕಂಬದಲ್ಲಿ ಅವರೊಂದು ಬಿರುಕು ಕಂಡರು. ಮರುದಿನವೇ 'ಗಂಟೆಗೆ ಹತ್ತು ಮೈಲಿ' ಅಂತ ಬೋರ್ಡು ನೆಡಿಸಿದರು. ಅಷ್ಟೇ, ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಹಾಗಾಯಿತು. ನದಿಯಾಚೆಯ ಪಟ್ಟಣಕ್ಕೆ ಅದುವರೆಗೆ ಮೊದಲು ಮುಟ್ಟುತ್ತಿದ್ದುದು ಇವರ ಕಂಪನಿಯ ರೈಲು. ಎದುರು ಕಂಪನಿಯದು ಗುಡ್ಡ ಸುತ್ತಿಕೊಂಡು, ಕೆಳಗಿನ ಹೊಸ ಸೇತುವೆ ದಾಟಿ ಬರಬೇಕು, ಪಾಪ. ಬೋರ್ಡು ಬಂದ ಮೇಲೆ ಆ ಸುತ್ತಿ ಬಂದದ್ದೇ ಇಪ್ಪತ್ತು ನಿಮಿಷ ಮೊದಲು ಮುಟ್ಟತೊಡಗಿತು. ಜನ ಆ ಕಡೆ ವಾಲಿದರು. ಮೇಲಧಿಕಾರಿಗಳು ಕರೆಸಿ ಬೈದರು, ಬೇಡಿಕೊಂಡರು, ಮತ್ತೆ ಬೈದರು. ತಲೆ ಮೇಲೆ ತಲೆ ಬಿದ್ದರೂ ಬೋರ್ಡು ಕೀಳುವುದಿಲ್ಲ ಅಂದರು ಇವರು. ಕಂಬ ರಿಪೇರಿ ಮಾಡಿಸಿ ಅಂತ ಇವರು ಅಂದರೆ ಮಾತ್ರ ಆ ಮೇಲಧಿಕಾರಿ ಮಹಾಶಯರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ನದಿಯಾಚೆಯ ತಂಗಿಯಿಂದ ತಂತಿ ಬಂತು: ಅಮ್ಮ ಸೀರಿಯಸ್, ಕೂಡಲೇ ಬಾ.

"ಎದುರು ಕಂಪನಿ ರೈಲಿಗೇ ಹೋಗೋಣ ನಡೀರಿ," ಅಂದಳು ಹೆಂಡತಿ.

"ನಾನು ಆ ರೈಲು ಹತ್ತಿದ್ದು ಗೊತ್ತಾದ್ರೆ ಕೆಲಸದಿಂದ ತೆಗೀತಾರೆ. ನನ್ನ ಜಾಗಕ್ಕೆ ಬರೋನು ಮೊದಲು ಆ ಬೋರ್ಡು ಕೀಳ್ತಾನೆ. ನೀನು ಹೋಗು. ಅಮ್ಮನ ಹತ್ರ ಒಬ್ಬರಾದ್ರೂ ಬೇಗ ಇರಲಿ."

"ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ," ಅಂತ ಗೊಣಗಿ ಆಕೆ ಚಪ್ಪಲಿ ಮೆಟ್ಟಿಕೊಂಡಳು.

ಟಿಕೆಟ್ಟು ಮಾತ್ರ ಇವರೇ ಕೊಂಡರು. ಎದುರು ಕಂಪನಿಯ ಗುಮಾಸ್ತ ಕಿಟಕಿಯೊಳಗೆ ಎದ್ದು ನಿಂತು ಕೈ ಮುಗಿದ: "ನಮ್ಮ ಸಂಸಾರ ನಡೀತಿರೋದೇ ನಿಮ್ಮಿಂದ, ಸಾರ್."

ಇವರು ತಮ್ಮ ರೈಲಿನ ಎಂಜಿನ್ನನ್ನೇ ಹತ್ತಿ ಡ್ರೈವರನ ಪಕ್ಕ ನಿಂತರು, ವಿಷಯ ಹೇಳಿದರು. ಸೇತುವೆ ಹತ್ತಿರವಾದಾಗ ಅವನು ಮೆಲ್ಲಗೆ ಕೇಳಿದ: "ಬೋರ್ಡು ಕಾಣಲೇ ಇಲ್ಲ ಅಂದ್ಕೊಂಡು ಹೊಡೆದುಬಿಡ್ಲಾ, ಸಾರ್? ಇವತ್ತೊಂದು ದಿನ?"

ಆಸೆಯಾಯಿತು, ಇಲ್ಲ ಅಂದರೆ ಸುಳ್ಳು. ಇವರು ಹಿಂತಿರುಗಿ ನೋಡಿದರು. ಡಬ್ಬಿಗಳ ಕಿಟಕಿಯಿಂದ ಯಾರ್‍ಯಾರೋ ತಲೆ ಹೊರಗೆ ಹಾಕಿ ನದಿ ನೋಡುತ್ತಿದ್ದರು.

"ಹತ್ತು," ಅಂದರು.

ರೈಲು ತೆವಳಿತು. ಪಕ್ಕದ ಕಾಲುದಾರಿಯಲ್ಲಿ ಸೈಕಲ್ಲಿನವನೊಬ್ಬ ಅದನ್ನು ಹಿಂದೆ ಹಾಕಿ, ಬೆಲ್ಲೂ ಹೊಡೆದು ಹೋದ.

ತಂಗಿಯ ಮನೆ ಮುಟ್ಟಿದಾಗ ಅಮ್ಮ ಹೋಗಿ ಕಾಲು ಗಂಟೆಯಾಗಿತ್ತು. ಇವರು ಮಂಚದ ಪಕ್ಕ ನೆಲದಲ್ಲೇ ಕುಸಿದು ಕೂತು ಅತ್ತರು, ಗಟ್ಟಿಯಾಗಿಯೇ ಅತ್ತರು. ಆಮೇಲೆ ಹೆಂಡತಿಯನ್ನು ಕೇಳಿದರು: "ನಾನೆಲ್ಲಿ ಅಂತ ಕೇಳಿದ್ರಾ?"

"ಕೇಳಿದ್ರು. ಸೇತುವೆ ಮೇಲಿದ್ದಾರೆ ಅತ್ತೆ, ಬರ್ತಾರೆ ಅಂದೆ."

"ಏನಂದ್ರು?"

"ಅವಸರ ಮಾಡ್ಬೇಡ ಅಂತ ಹೇಳು ಅವನಿಗೆ, ಅಂದ್ರು."