ಜೀರಿಗೆ ನೀರಿನ ಟೀಚರು

ಸಿಂಧಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ನಡೆಸುತ್ತೇನೆ. ಮಕ್ಕಳ ಜೊತೆಗೆ ಊರಿನ ಬಸುರಿಯರಿಗೂ ಮಧ್ಯಾಹ್ನ ಅಲ್ಲೇ ಊಟ. ಅವರು ಉಣ್ಣಲು ಕೂತಾಗ ಆಹಾರದ ಬಗ್ಗೆ ನಾಲ್ಕು ಮಾತು ಹೇಳುವುದೂ ನನ್ನ ಕೆಲಸವೇ. ಹೋದ ವರ್ಷ ಆ ಮಾತೆಲ್ಲ ಜೀರಿಗೆಯ ಸುತ್ತಲೇ ಸುತ್ತುತ್ತಿತ್ತು. ಜೀರಿಗೆಯಲ್ಲಿ ಕಬ್ಬಿಣದ ಅಂಶ ಹೇರಳವಾಗಿದೆ ಎಂದು ಫೋನಿನಲ್ಲಿ ಓದಿದ್ದೆ. ಓದಿದ್ದು ಸುಳ್ಳಲ್ಲ. ಆದರೆ ಅಷ್ಟನ್ನೇ ಹಿಡಿದುಕೊಂಡು ಹೊರಟುಬಿಟ್ಟೆ. ಬೆಳಿಗ್ಗೆ ಜೀರಿಗೆ ಕುದಿಸಿದ ನೀರು ಕುಡಿದರೆ ಅದೇ ನನ್ನ ತಿಂಡಿ. ಇನ್ನೊಂದು ಬಾಟಲಿ ತುಂಬಿ ತಂದು, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಡುತ್ತಿದ್ದೆ. ಸ್ವಲ್ಪ ನಡೆದರೂ ಏದುಸಿರು ಬರುತ್ತಿತ್ತು, ಕಣ್ಣು ಕತ್ತಲೆ ಕಟ್ಟುತ್ತಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ.

ಒಂದು ದಿನ ನಮ್ಮಲ್ಲೇ ಹಿಮೋಗ್ಲೋಬಿನ್ ನೋಡುವ ರಕ್ತ ಪರೀಕ್ಷೆ ಇತ್ತು. ಬೆರಳು ಚುಚ್ಚಿಸಿಕೊಳ್ಳಲು ಹೆದರಿ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸರಿಯುತ್ತಿದ್ದರು. ಧೈರ್ಯ ತುಂಬೋಣವೆಂದು ನಾನೇ ಮೊದಲು ಕೈ ಚಾಚಿದೆ.

"ನೋಡ್ರವ್ವಾ, ಇರುವೆ ಕಚ್ದಂಗೆ, ಅಷ್ಟೇಯ."

ನರ್ಸು ಯಂತ್ರ ನೋಡಿದರು. ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದರು.

"ಏನ್ ಟೀಚರೇ, ಏಳೂವರೆ ಐತಲ್ಲ! ಹನ್ನೆರಡಾದ್ರೂ ಬೇಡ್ವಾ?"

ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ, ಗಂಟಲು ಮಾತ್ರ ದೊಡ್ಡದು. ಇಡೀ ಕೋಣೆಗೆ ಕೇಳಿಸಿತು. ಎಂಟು ತಿಂಗಳ ಬಸುರಿ ಸೊಸೆಯನ್ನು ಕರೆತಂದಿದ್ದ ಅಜ್ಜಿಯೊಬ್ಬಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ನನ್ನವ್ವ! ದಿನಾ ಜೀರ್ಗೆ ನೀರು ಕುಡೀತಿದ್ರಲ್ಲ, ಅದೆಲ್ಲೋಯ್ತು?"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾದವು. ಅಜ್ಜಿಯ ಸೊಸೆಗೆ ನನಗಿಂತ ಹೆಚ್ಚು ಬಂತು. ಅದನ್ನೂ ನರ್ಸು ಕೂಗಿಯೇ ಹೇಳಿದರು.

ಕೆ.ಆರ್. ಪೇಟೆಯ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಗದರಿಸಲಿಲ್ಲ. "ಜೀರಿಗೇಲಿ ಕಬ್ಬಿಣ ಇದೆಯಮ್ಮ. ಆದ್ರೆ ನಾವು ಹಾಕೋದೇ ಒಂದು ಚಿಟಿಕೆ. ನೀವು ನೀರು ಕುಡಿದು ಕಾಳನ್ನೂ ಚೆಲ್ತೀರಿ. ಸೊಪ್ಪು, ಕಾಳು, ಮೊಟ್ಟೆ ಹೊಟ್ಟೆಗೆ ಬೇಡ್ವಾ?" ಎಂದರು. ಆಮೇಲೆ ಮುಟ್ಟಿನ ಬಗ್ಗೆ ಕೇಳಿದರು. ವರ್ಷಗಳಿಂದ ವಿಪರೀತ ಹೋಗುತ್ತಿತ್ತು. ಮನೆಯಲ್ಲಿ ಕೂಡ ಹೇಳಿರಲಿಲ್ಲ. ಅಂಥದ್ದನ್ನು ಮುಚ್ಚಿಡಬೇಡಿ ಎಂದು ಊರಿಗೆಲ್ಲ ಹೇಳುವವಳು, ಡಾಕ್ಟರಮ್ಮನ ಮುಂದೆ ತಲೆ ಎತ್ತದೆ ಉತ್ತರ ಕೊಟ್ಟೆ.

ಮೈ ಸರಿಯಿಲ್ಲವೆಂದು ರಜೆ ಹಾಕಿದೆ. ನಿಜ ಹೇಳಬೇಕೆಂದರೆ, ಆ ಹೆಂಗಸರಿಗೆ ಮುಖ ತೋರಿಸಲಾರದೆ ಮನೆಯಲ್ಲಿ ಕೂತಿದ್ದೆ. ಕೆಲಸಕ್ಕೆ ಮರಳಿದ ದಿನ ಅಜ್ಜಿಯ ಸೊಸೆ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಯಾಕವ್ವಾ, ಉಣ್ಣಾಕಿಲ್ವಾ?"

"ನೀವೂ ಕೂತ್ಕಳಿ ಟೀಚರೇ. ನೀವುಂಡ್ರೆ ನಾನೂ ಉಣ್ತೀನಿ."

ಬ್ಯಾಗಿನಿಂದ ಡಬ್ಬಿ ತೆಗೆದಳು. ರಾಗಿ ಮುದ್ದೆ, ನುಗ್ಗೆಸೊಪ್ಪಿನ ಉಪ್ಸಾರು, ಪಕ್ಕದಲ್ಲಿ ಅರೆದ ಖಾರ.

"ಅತ್ತೆ ಕೊಟ್ಟವ್ರೆ. ಖಾರಕ್ಕೆ ಜೀರ್ಗೆ ಒಸಿ ಜಾಸ್ತಿ ಆಕವ್ರೆ, ನಿಮಗಿಷ್ಟ ಅಂತ."

ಅವಳ ಮುಖದಲ್ಲಿ ಕುಹಕ ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು, ಸಿಟ್ಟಾದರೂ ಬರುತ್ತಿತ್ತು. ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಮುದ್ದೆ ಮುರಿದೆ. ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ನಾನು ನುಂಗುವವರೆಗೆ ಕಾದು, ಆಮೇಲೆ ಅವಳು ತನ್ನ ತಟ್ಟೆಗೆ ಕೈಹಾಕಿದಳು.

ಈಗ ಮಾತ್ರೆ ನುಂಗುತ್ತೇನೆ, ಬೆಳಿಗ್ಗೆ ತಿಂಡಿ ತಿನ್ನುತ್ತೇನೆ. ಮುಟ್ಟಿನ ತೊಂದರೆಗೂ ಔಷಧಿ ನಡೆದಿದೆ. ಅಜ್ಜಿಯ ಸೊಸೆ ಹೆರಿಗೆಯಾದ ಮೇಲೆ ತವರಿಗೆ ಹೋದಳು. ಅಜ್ಜಿ ಮಾತ್ರ ಡೈರಿ ಮುಂದೆ ಸಿಕ್ಕಾಗಲೆಲ್ಲ, ಹಾಲಿನ ಕ್ಯಾನು ಹಿಡಿದು ನಿಂತ ಗಂಡಸರೆಲ್ಲ ತಿರುಗಿ ನೋಡುವ ಹಾಗೆ ಕೇಳುತ್ತಾಳೆ:

"ರಕ್ತ ಬಂತಾ ಟೀಚರೇ?"

"ಬತ್ತಾ ಐತೆ ಕಣಜ್ಜಿ" ಎಂದು ಸೆರಗು ಎಳೆದುಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತೇನೆ.