ಆಫ್‌ಸೈಡ್ ತಿಳಿಯದ ಅಕ್ಕೋರು

ಅವರ ಬಲಗೈ ತೋರುಬೆರಳು ನಡುಗೆಣ್ಣಿನಿಂದ ಎಡಕ್ಕೆ ಸೊಟ್ಟಗಿತ್ತು. ಯಾವ ಕಾಲದಲ್ಲೋ ಸಾಲಿಯ ಕಿಟಕಿಗೆ ಸಿಕ್ಕು ಮುರಿದದ್ದು, ನೆಟ್ಟಗೆ ಕೂಡಿರಲಿಲ್ಲ. ಮೈದಾನದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಆ ಬೆರಳಿನಿಂದ ಎಣಿಸುವಾಗ ಅವರ ಕಣ್ಣು ನನ್ನ ಮೇಲಿದ್ದರೆ ಬೆರಳು ಪಕ್ಕದವನ ಮೇಲಿರುತ್ತಿತ್ತು. ಅವನು ‘ಹಾಜರ್ರಿ’ ಎಂದು ಒದರುತ್ತಿದ್ದ, ಆಮೇಲೆ ತನ್ನ ಪಾಳಿ ಬಂದಾಗ ಮತ್ತೊಮ್ಮೆ ಒದರುತ್ತಿದ್ದ. ನಾನು ಲೆಕ್ಕಕ್ಕೇ ಇಲ್ಲ.

“ಅಕ್ಕೋರ, ನಾ ಬಿಟ್ಟ ಹೋದ್ನಿರಿ.”

“ನಿನ್ನ ಬ್ಯಾರೆ ಎಣಸಬೇಕೇನೋ ಮಂಗ್ಯಾ? ಸದ್ದಡಗಿತಂದ್ರ ನೀ ಇಲ್ಲಂತ ಗೊತ್ತಾಗತೈತಿ. ಆವಾಗ ಹುಡಕತೀನಿ.”

ನಮ್ಮ ಕಡೆ ಕನ್ನಡ ಸಾಲಿಯ ಶಿಕ್ಷಕಿಯರಿಗೆ ಅಕ್ಕೋರು ಅನ್ನುವುದು ರೂಢಿ. ಇವರು ನಿವೃತ್ತರಾಗಿ ನಾಲ್ಕೈದು ವರ್ಷವಾಗಿದ್ದರೂ ಬ್ಯಾಡಗಿಯಲ್ಲಿ ‘ಅಕ್ಕೋರು’ ಎಂದರೆ ಇವರೇ. ಅರ್ಧ ಮಾರ್ಕೆಟ್ಟು ಇವರ ಕೈಯಲ್ಲಿ ಕಾಗುಣಿತ ಕಲಿತಿತ್ತು, ಉಳಿದರ್ಧ ಹೊಡೆತ ತಿಂದಿತ್ತು. ಇಂಥವರು ಫುಟ್‌ಬಾಲ್ ಕ್ಲಬ್ಬಿಗೆ ಬಂದದ್ದು ಮೊಮ್ಮಗನ ಕಾಲಿನಿಂದ. ಅವನನ್ನು ಆಟಕ್ಕೆ ಕಳಿಸಬೇಕಾದರೆ ತಾವೂ ಬರುವುದೇ ಎಂದು ಷರತ್ತು ಹಾಕಿ ಬಂದರು. ಮೊಮ್ಮಗ ಮೂರು ತಿಂಗಳಲ್ಲಿ ಕ್ರಿಕೆಟ್ಟಿಗೆ ಹಾರಿದ. ಇವರು ಮಾತ್ರ ಮರುದಿನವೂ ಮಡಚುವ ಕುರ್ಚಿ ಹಿಡಿದು ಹಾಜರು.

“ಅವ ಬಿಟ್ಟನಲ್ರಿ ಅಕ್ಕೋರ?”

“ಅವ ಬಿಟ್ಟಾನ. ನೀವು ಅದೀರೆಲ್ಲ.”

ನಮ್ಮ ಮೈದಾನ ಮೆಣಸಿನಕಾಯಿ ಮಾರುಕಟ್ಟೆಯ ಹಿಂದೆ. ಗಾಳಿ ತಿರುಗಿತೆಂದರೆ ಘಾಟು ಮೈದಾನದ ತುಂಬ. ನಮಗೆ ಹುಟ್ಟಿನಿಂದ ರೂಢಿ, ಪರ ಊರಿನವರಿಗೆ ಕಣ್ಣಲ್ಲಿ ನೀರು. ಹಾವೇರಿಯ ಗೋಲ್‌ಕೀಪರ್ ಒಮ್ಮೆ ಸೀನಿ ಕಣ್ಣು ತೆರೆಯುವುದರೊಳಗೆ ಚೆಂಡು ಬಲೆಯೊಳಗಿತ್ತು. ಅದೇ ನಮ್ಮ ಏಕೈಕ ತಂತ್ರ. ಆ ಗೋಲು ಹೊಡೆದವನು ನಾನಲ್ಲ. ನನ್ನ ಸ್ಥಾನ ಗೆರೆಯಾಚೆಯ ಕಲ್ಲಿನ ಮೇಲೆ, ಯಾರದಾದರೂ ಕಾಲು ಉಳುಕಲಿ ಎಂಬ ಪ್ರಾರ್ಥನೆಯಲ್ಲಿ. ಹಾಗೆ ಕೂತು ಕೂತು ನಾನು ಊರಿನವರ ದನಿ ಕಲಿತೆ. ಹರಾಜು ಕೂಗುವವನು, ಬಸ್ಸಿನ ಕಂಡಕ್ಟರ್, ಕ್ಲಬ್ಬಿನ ಅಧ್ಯಕ್ಷರು, ನಮ್ಮಪ್ಪ, ಎಲ್ಲರೂ ನನ್ನ ಗಂಟಲೊಳಗೆ ಬಾಡಿಗೆಗಿದ್ದರು. ಕಾಲಿನಲ್ಲಿ ಬಾರದ್ದು ಬಾಯಲ್ಲಿ ಬಂತು ಅನ್ನುತ್ತಿದ್ದಳು ಅವ್ವ.

ಅಕ್ಕೋರಿಗೆ ಆಟದ ಗಂಧಗಾಳಿ ಇರಲಿಲ್ಲ. ಆಫ್‌ಸೈಡನ್ನು ಮೂರು ವರ್ಷ ವಿವರಿಸಿದರೂ ಹತ್ತಲಿಲ್ಲ. “ಮೊದಲ ಹೋಗಿ ನಿಂತಾನಂದ್ರ ಹುಷಾರ ಹುಡುಗ. ಅವಗ್ಯಾಕ ಸೀಟಿ ಊದ್ತಾರ?” ಎಂಬುದು ಅವರ ಕೊನೆಯ ವಾದ. ಅವರು ನೋಡುತ್ತಿದ್ದದ್ದು ಚೆಂಡನ್ನಲ್ಲ. ಯಾರು ಯಾರ ಜೊತೆ ಬಂದ, ಯಾರು ಯಾರ ಜೊತೆ ಹೋದ, ಯಾವನು ನಿನ್ನೆ ಮಾತಾಡುತ್ತಿದ್ದವನು ಇವತ್ತು ಸುಮ್ಮನಿದ್ದಾನೆ, ಇಷ್ಟೇ. ಉಳುಕಿದ ಕಾಲಿಗೆ ಮುಲಾಮು ಹಚ್ಚುವುದು ಎಲ್ಲರೆದುರು, ಬಯಲಲ್ಲಿ. ಅಂಗಿ ಬದಲಿಸಲು ಎರಡು ಬೇವಿನ ಗಿಡಗಳ ನಡುವೆ ಚಾದರ ಕಟ್ಟಿಸಿ, ತಾವು ಅದಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿ ಕೂರುತ್ತಿದ್ದರು. ಒಮ್ಮೆ ನಾವು ಗೆದ್ದಾಗ (ಒಮ್ಮೆ ಮಾತ್ರ) ಅಧ್ಯಕ್ಷರು ಹಾರ ಹಿಡಿದು ಚಾದರದ ಒಳಗೇ ನುಗ್ಗಲು ಬಂದರು. ಅಧ್ಯಕ್ಷರೆಂದರೆ ದೊಡ್ಡ ಮೆಣಸಿನಕಾಯಿ ದಲಾಲರು. ಊರಿಗೆ ಮೊಬೈಲ್ ಬಂದ ಹೊಸತು, ಅವರದು ಅವರಿಗಿಂತ ಜೋರಾಗಿ ಒದರುತ್ತಿತ್ತು. ಅಂಥವರನ್ನು ಅಕ್ಕೋರು ಕುರ್ಚಿಯಿಂದ ಏಳದೆಯೇ ತಡೆದರು.

“ಹುಡುಗ್ರು ಅಂಗಿ ಹಾಕ್ಕೊಳ್ಳಾಕತ್ಯಾರ. ಐದು ನಿಮಿಷ ನಿಂದರ್ರಿ ಸಾವಕಾರ್ರ, ಹೂವೇನು ಬಾಡೂದಿಲ್ಲ.”

ಇನ್ನೊಂದು ನಿಯಮವಿತ್ತು: ಹುಡುಗರು ಒಬ್ಬೊಬ್ಬರೇ ದೊಡ್ಡವರ ಗಾಡಿ ಹತ್ತುವಂತಿಲ್ಲ, ಹೋದರೆ ಇಬ್ಬರು. ಒಂದು ಸಂಜೆ ನಾನೂ ನಮ್ಮ ಗೋಲ್‌ಕೀಪರನೂ ಕ್ಲಬ್ಬಿನ ಕಾರ್ಯದರ್ಶಿಯ ಬೈಕಿನ ಹಿಂದೆ ಇನ್ನೇನು ಕೂತೆವು, ಪೊಲೀಸಪ್ಪ ಕೈ ಅಡ್ಡ ಮಾಡಿದ. ಮೂವರು ಕೂರುವುದು ಕಾನೂನಲ್ಲ, ಒಬ್ಬನು ಇಳಿಯಲಿ ಎಂದ. ಹಿಂದಿನಿಂದ ಬಂದ ಅಕ್ಕೋರು, “ಕಾನೂನು ಖರೇ ಐತಿ. ಇಬ್ಬರೂ ಇಳೀರಿ” ಅಂದರು. ಬೈಕು ಖಾಲಿ ಹೋಯಿತು. ನಾವು ಮೂವರು ಊರಿನ ಈ ತುದಿಯಿಂದ ಆ ತುದಿಗೆ ನಡೆದೆವು. ನನಗೆ ಮೈಯೆಲ್ಲ ಸಿಟ್ಟು.

“ಕಾರ್ಯದರ್ಶಿ ಸರ್ ಕಳ್ಳ ಏನ್ರಿ ಅಕ್ಕೋರ?”

“ಅಲ್ಲ. ಚಲೋ ಮನಶಾ.”

“ಮತ್ಯಾಕ್ರಿ?”

“ಚಲೋ ಮನಶಾಗ ಇದರಿಂದ ಏನೂ ಲುಕ್ಸಾನಿಲ್ಲೋ ತಮ್ಮಾ. ನೋಡು, ಅವ ನಕ್ಕೋತ ಹೋದ.”

ಹದಿಮೂರು ವರ್ಷದ ನನಗೆ ಈ ಮಾತಿನ ತೂಕ ತಿಳಿಯಲಿಲ್ಲ. ಕಾಲುನೋವು ಮಾತ್ರ ತಿಳಿಯಿತು.

ಆ ವರ್ಷವೇ ನಮಗೊಬ್ಬ ನಿಜವಾದ ಕೋಚ್ ಸಿಕ್ಕ. ಅಲ್ಲಿಯವರೆಗೆ ಊರಲ್ಲಿ ಯಾರಿಗೆ ಕೆಲಸವಿಲ್ಲವೋ ಅವರೇ ಕಲಿಸುತ್ತಿದ್ದರು. ಈತ ದೊಡ್ಡ ಊರಲ್ಲಿ ಆಡಿದವನು, ರಾಣೆಬೆನ್ನೂರಿನಲ್ಲಿ ರೂಮು ಮಾಡಿಕೊಂಡು ಅಲ್ಲಿಯ ಹುಡುಗರಿಗೂ ಕಲಿಸುತ್ತಿದ್ದ, ವಾರಕ್ಕೆ ಮೂರು ಸಂಜೆ ನಮ್ಮಲ್ಲಿಗೆ ಬರುತ್ತಿದ್ದ. ಎರಡೇ ತಿಂಗಳಲ್ಲಿ ನಾವು ಚೆಂಡಿನ ಹಿಂದೆ ಕುರಿಹಿಂಡಿನಂತೆ ಓಡುವುದನ್ನು ಬಿಟ್ಟೆವು. ಹಾವೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂದಿತ್ತು. ಈ ಸಲ ನಮ್ಮವರು ಇಬ್ಬರಾದರೂ ಗ್ಯಾರಂಟಿ ಎಂದು ಅಧ್ಯಕ್ಷರು ಮೊಬೈಲಿನಲ್ಲಿ ಊರಿಗೆಲ್ಲ ಸಾರಿದ್ದರು.

ನನಗೆ ಅವನ ದನಿ ಮಾತ್ರ ಸಿಗಲಿಲ್ಲ. ಉಳಿದವರೆಲ್ಲ ಒದರುವವರು, ಒದರುವುದನ್ನು ಅಣಕಿಸುವುದು ಸುಲಭ. ಇವನು ಕಿವಿಯ ಹತ್ತಿರ ಬಾಗಿ, ಬೆಣ್ಣೆಯಂತೆ, ಪಿಸುಗುಟ್ಟುತ್ತಿದ್ದ. ಕನ್ನಡಿ ಮುಂದೆ ಎರಡು ದಿನ ನಿಂತರೂ ಬರಲಿಲ್ಲ. ಮೂರನೆಯ ದಿನ ಅವನೇ ನನ್ನ ಕಿವಿಯ ಹತ್ತಿರ ಬಾಗಿದ.

“ಚಾಂಪಿಯನ್, ನಿನ್ನೊಳಗ ಏನೋ ಐತಿ, ಇವರ್ಯಾರಿಗೂ ಕಾಣಸ್ತಿಲ್ಲ. ಭಾನುವಾರ ರಾಣೆಬೆನ್ನೂರಿಗೆ ನನ್ನ ರೂಮಿಗೆ ಬಾ, ಸ್ಪೆಷಲ್ ಟ್ರೇನಿಂಗ್ ಕೊಡ್ತೀನಿ. ಹೊಸಾ ಬೂಟು ಅದಾವ, ನಿನ್ನ ಅಳತೀವ. ಒಬ್ಬನ ಬಾ. ಮನ್ಯಾಗ ಹೇಳಬ್ಯಾಡ.”

ಹೆಗಲ ಮೇಲಿಟ್ಟ ಕೈ ಮಾತು ಮುಗಿದ ಮೇಲೂ ಬಹಳ ಹೊತ್ತು ಅಲ್ಲೇ ಇತ್ತು. ನನಗೆ ಒಂದು ಥರ ಕಸಿವಿಸಿಯಾಯಿತು. ಆದರೆ ಸುಳ್ಳು ಯಾಕೆ ಬರೆಯಲಿ, ಅದಕ್ಕಿಂತ ಹತ್ತು ಪಟ್ಟು ಖುಷಿಯಾಯಿತು. ಕಲ್ಲಿನ ಮೇಲೆ ಕೂತು ಕೂತು ಸವೆದ ಹುಡುಗನಿಗೆ ನಿನ್ನೊಳಗೆ ಏನೋ ಇದೆ ಎಂದು ಮೊದಲ ಸಲ ಯಾರೋ ಹೇಳಿದ್ದರು. ಬಸ್ಸಿನ ಚಿಲ್ಲರೆಯನ್ನು ಅಂದೇ ಕಾಲುಚೀಲದೊಳಗೆ ತುರುಕಿಟ್ಟೆ.

ಖುಷಿ ಗುಟ್ಟಾಗಿ ಉಳಿಯುವ ಜಾಯಮಾನ ನನ್ನದಲ್ಲ. ಶುಕ್ರವಾರ ಆಟ ಮುಗಿದು, ಕೋಚ್ ಬಸ್ಸಿಗೆ ಹೋದ ಮೇಲೆ, ಅಕ್ಕೋರು ನಮಗೆಲ್ಲ ಕುದಿಸಿದ ಶೇಂಗಾ ಹಂಚುತ್ತ ಕೂತಿದ್ದರು. ನಾನು ಎದ್ದು ನಿಂತೆ. “ಒಬ್ಬ ಹುಡುಗಗ ಸರ್ ಏನಂದ್ರು ಗೊತ್ತೇನ್ರಲೇ?” ಎಂದು ಗೋಲ್‌ಕೀಪರನ ಕಿವಿಗೆ ಬಾಗಿ ಮಾಡಿ ತೋರಿಸಿದೆ. ದನಿ ಸಿಕ್ಕಿಬಿಟ್ಟಿತ್ತು, ಅದೇ ಬೆಣ್ಣೆ, ಅದೇ ಪಿಸುಮಾತು. ಹುಡುಗರು ಬಿದ್ದು ಬಿದ್ದು ನಕ್ಕರು. ನಗದೆ ಇದ್ದವರು ಅಕ್ಕೋರು ಒಬ್ಬರೇ.

“ಇನ್ನೊಮ್ಮೆ ಮಾಡು.”

ಮಾಡಿದೆ. ಉಬ್ಬಿ ಹೋಗಿದ್ದೆ.

“ಕೊನೀ ಮಾತು ಏನಂದ?”

“ಮನ್ಯಾಗ ಹೇಳಬ್ಯಾಡ.”

ಅವರು ಕೈಯಲ್ಲಿದ್ದ ಶೇಂಗಾವನ್ನು ಬುಟ್ಟಿಗೆ ಹಾಕಿದರು. ಯಾರು ಆ ಹುಡುಗ ಎಂದು ಕೇಳುತ್ತಾರೆಂದು ನಾನು ಸುಳ್ಳೊಂದನ್ನು ಹೊಂದಿಸಿಕೊಳ್ಳುತ್ತಿದ್ದೆ. ಅವರು ಕೇಳಲೇ ಇಲ್ಲ. ಎದ್ದು ಎಲ್ಲರಿಗೂ ಹೇಳಿದರು: “ಭಾನುವಾರ ಎಲ್ಲಾರೂ ನಮ್ಮನೀಗೆ ಬರ್ರಿ. ಗಿರಮಿಟ್ ಮಾಡ್ತೀನಿ. ಒಬ್ಬಾಂವ ತಪ್ಪಿಸಿದ್ರೂ ಮನೀಗೆ ಬಂದು ಕಿವಿ ಹಿಡಕೊಂಡು ಎಳಕೊಂಡ ಬರ್ತೀನಿ. ಅವ್ವ ಅಪ್ಪಗ ಹೇಳೇ ಬರ್ರಿ.”

ಭಾನುವಾರ ಹದಿನಾಲ್ಕು ಹುಡುಗರು ಅವರ ಹಿತ್ತಲಲ್ಲಿ ಗಿರಮಿಟ್ಟಿನ ಖಾರದ ಮಂಡಕ್ಕಿ ಮುಕ್ಕುತ್ತಿದ್ದೆವು. ಕಾಲುಚೀಲದೊಳಗಿನ ಚಿಲ್ಲರೆ ಚುಚ್ಚುತ್ತಿತ್ತು. ಬಸ್ಸಿನ ಹೊತ್ತಾಯಿತೆಂದು ಮೆಲ್ಲಗೆ ಹೊರಬಾಗಿಲಿಗೆ ಸರಿದೆ. ಕಟ್ಟೆಯ ಮೇಲೆ ಅವರು ಮೊದಲೇ ಕೂತಿದ್ದರು.

“ಎಲ್ಲಿಗೆ ಹೊಂಟಿ?”

“ಮನೀಗ್ರಿ. ಹೊಟ್ಟಿ ನೋಯಾಕತ್ತೈತ್ರಿ.”

“ಹೊಟ್ಟಿನೋವಿಗೆ ಇನ್ನೊಂದು ಪ್ಲೇಟ್ ತಿನ್ನು, ಹೋಗು.”

ನಾಲ್ಕು ಪ್ಲೇಟ್ ತಿಂದೆ. ಬಸ್ಸು ಹೋಯಿತು. ಜೊತೆಗೆ ಬೂಟೂ ಹೋದವು ಎಂದು ಸಂಕಟಪಟ್ಟೆ.

ಸೋಮವಾರ ಸಂಜೆ ಚೆಂಡು ತರಲು ಅಧ್ಯಕ್ಷರ ಅಂಗಡಿಗೆ ಹೋದೆ. ಕ್ಲಬ್ಬಿನ ಚೆಂಡು ಇರುತ್ತಿದ್ದುದು ಅಲ್ಲಿ, ಒಳಗಿನ ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ. ಚೆಂಡು ಎತ್ತುವಷ್ಟರಲ್ಲಿ ಹೊರಗೆ ಅಕ್ಕೋರ ದನಿ. ಕೋಚ್ ಆಡಿದ ಮಾತನ್ನು ಅವರು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ನಾನು ಚೀಲದ ಹಿಂದೆ ಕುಕ್ಕರುಗಾಲಲ್ಲಿ ಕೂತೆ.

“ಅಕ್ಕೋರ, ಇಂಥಾ ಕೋಚ್ ನಮಗ ಎಲ್ಲಿ ಸಿಗ್ತಾನ್ರಿ? ಮುಂದಿನ ವಾರ ಸೆಲೆಕ್ಷನ್ ಐತಿ. ಯಾವ ಹುಡುಗಗ ಅಂದಾನ, ಅವನ್ನ ಕರೀರಿ. ಎದುರಾ ಎದುರು ಕೇಳೂಣು.”

ಕರೆದರೆ ನಾನು ಸುಳ್ಳ, ಮಂಗ್ಯಾ, ಊರನ್ನೆಲ್ಲ ಅಣಕಿಸುವವನು. ಯಾರು ನಂಬುತ್ತಾರೆ? ಅಪ್ಪನಿಗೆ ತಿಳಿದರೆ ಒಬ್ಬನೇ ಹೋಗಲು ಒಪ್ಪಿದ್ದೂ ತಿಳಿಯುತ್ತದೆ. ಆ ಗಾಬರಿಯಲ್ಲಿ ಹುಟ್ಟಿದಾರಭ್ಯ ಬಾರದ ಸೀನು ಬಂತು. ಅಂಗಡಿ ಅದುರುವಂತೆ ಸೀನಿದೆ.

“ಯಾರದು?” ಎಂದರು ಅಧ್ಯಕ್ಷರು.

“ಬೆಕ್ಕಿರಬೇಕು ಬಿಡ್ರಿ,” ಎಂದರು ಅಕ್ಕೋರು. “ಹುಡುಗನ್ನ ಕರಿಯೂದಿಲ್ಲ.”

“ಮತ್ತ ಸಾಕ್ಷಿ ಯಾರ್ರಿ?”

“ನಾ.”

“ನೀವು ಕಿವಿಯಾರೆ ಕೇಳೀರೇನು?”

“ಕೇಳೇನಿ. ಅವನ ಧ್ವನಿಯೊಳಗನ ಕೇಳೇನಿ.” ಅದುವರೆಗೆ ರೀ ಅನ್ನುತ್ತಿದ್ದವರು ಒಮ್ಮೆಲೆ ತಮ್ಮ ಹಳೆಯ ವಿದ್ಯಾರ್ಥಿಯ ಜೊತೆ ಮಾತಾಡಿದರು. “ನೋಡೋ, ನಿನ್ನ ಮಗಗ ಯಾರರೆ ಮನ್ಯಾಗ ಹೇಳಬ್ಯಾಡ, ಒಬ್ಬನ ಬಾ ಅಂದಿದ್ರ ನೀ ಮುಂದಿನ ವಾರ ಸೆಲೆಕ್ಷನ್ ಐತಿ ಅಂತಿದ್ಯಾ?”

ಅಧ್ಯಕ್ಷರ ಮೊಬೈಲು ಒದರಿತು. ಅವರು ಎತ್ತಲಿಲ್ಲ.

ಮರುದಿನ ಅಧ್ಯಕ್ಷರು ಕೋಚ್‌ಗೆ ಹೇಳಿದ್ದು ಇಷ್ಟೇ: ಕಲಿಸುವುದೆಲ್ಲ ಮೈದಾನದಲ್ಲಿ, ಅಕ್ಕೋರ ಎದುರಿನಲ್ಲಿ, ಯಾವ ಹುಡುಗನನ್ನೂ ರೂಮಿಗೆ ಕರೆಯುವಂತಿಲ್ಲ. ಅವನು ತನಗೆ ಅವಮಾನವಾಯಿತೆಂದು ಸೀಟಿಯನ್ನು ನೆಲಕ್ಕೆಸೆದು ಹೋದ, ಮತ್ತೆ ಬರಲಿಲ್ಲ. ಅಕ್ಕೋರು ಮಾತ್ರ ಅಲ್ಲಿಗೆ ನಿಲ್ಲಿಸಲಿಲ್ಲ. ಮೊಣಕಾಲು ನೋವಿನಲ್ಲೇ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋಗಿ, ಅವನ ಹತ್ತಿರ ಕಲಿಯುತ್ತಿದ್ದ ಹುಡುಗರ ಮನೆಗಳನ್ನು ಕೇಳಿಕೊಂಡು, ಒಂದೊಂದೇ ಬಾಗಿಲು ಬಡಿದು ಹೇಳಿ ಬಂದರು. ಕೆಲವರು ನೀರು ಕೊಟ್ಟರಂತೆ, ಕೆಲವರು ಬಾಗಿಲು ಹಾಕಿಕೊಂಡರಂತೆ. ಠಾಣೆಯಲ್ಲೂ ಒಂದು ಚೀಟಿ ಬರೆದುಕೊಟ್ಟು ಬಂದರು. ತಿಂಗಳೊಳಗೆ ಅವನು ರೂಮು ಖಾಲಿ ಮಾಡಿ ಎಲ್ಲಿಗೋ ಹೋದ. ಎಲ್ಲಿಗೆಂದು ತಿಳಿಯಲಿಲ್ಲವಲ್ಲ ಎಂಬ ಕೊರಗು ಅವರಿಗೆ ಕೊನೆಯವರೆಗೆ ಇತ್ತು.

ಹಾವೇರಿಯಲ್ಲಿ ನಾವು ಆರು ಗೋಲಿನಿಂದ ಸೋತೆವು. ಯಾರೂ ಆಯ್ಕೆಯಾಗಲಿಲ್ಲ. ಹುಡುಗರಿಗೆಲ್ಲ ಅಕ್ಕೋರ ಮೇಲೆ ಸಿಟ್ಟು, ಮುದುಕಿ ಕೋಚನ್ನು ಓಡಿಸಿದಳೆಂದು. ಆ ಸಿಟ್ಟಿಗೆ ಸರಿಯಾಗಿ ನಾನು ಆಟ ಕಟ್ಟಿದೆ. ಬೆರಳು ಸೊಟ್ಟ ಮಾಡಿ, ಕಾಲೆಳೆದು ನಡೆದು, “ಬರ್ರಿ, ಗಿರಮಿಟ್ ತಿನ್ರಿ, ಸೆಲೆಕ್ಷನ್ ಬ್ಯಾಡ” ಎಂದೆ. ಯಾರಿಂದಾಗಿ ಅವರು ಬೈಸಿಕೊಳ್ಳುತ್ತಿದ್ದರೋ ಆ ನಾನೇ. ಹುಡುಗರ ನಗು ಒಮ್ಮೆಲೆ ನಿಂತಾಗ ತಿರುಗಿ ನೋಡಿದೆ. ಕುರ್ಚಿ ಹಿಡಿದು ನಿಂತಿದ್ದರು.

“ಕಾಲು ತಪ್ಪೇತಿ,” ಎಂದರು. “ನಾ ಎಳಿಯೂದು ಎಡಗಾಲು. ನೀ ಬಲಗಾಲು ಎಳದಿ.”

ಕುರ್ಚಿ ಬಿಚ್ಚಿ ತಮ್ಮ ಜಾಗದಲ್ಲಿ ಕೂತರು. ಅವತ್ತಿನಿಂದ ನಾನು ಅವರನ್ನು ಅಣಕಿಸಿಲ್ಲ. ಬರುವುದಿಲ್ಲ ಎಂದಲ್ಲ.

ಕಾಲೇಜಿಗೆಂದು ಹಾವೇರಿಗೆ ಹೋಗಿ ಬರತೊಡಗಿದ ಮೇಲೆ ಅವರು ಹಾಸಿಗೆ ಹಿಡಿದ ಸುದ್ದಿ ಬಂತು. ಕಂಡು ಬರಲು ಹೋದೆ. ಕಂಡಕ್ಟರ್, ಹರಾಜಿನವನು, ಅಧ್ಯಕ್ಷರು ಎಲ್ಲರನ್ನೂ ಮಾಡಿ ತೋರಿಸಿದೆ, ನಕ್ಕರು. ಆಮೇಲೆ ಹೇಳಿಬಿಟ್ಟೆ.

“ಅಕ್ಕೋರ, ಆ ಹುಡುಗ ನಾನರಿ.”

“ಹೇಳಿದ್ಯೆಲ್ಲ, ಚಲೋ ಆತು,” ಎಂದು ಕೈ ಹಿಡಿದುಕೊಂಡರು.

“ನಾ ಮಾತೆತ್ತಿದ್ರ ಸುಳ್ಳು ಹೇಳಾಂವ. ನನ್ನ ಮಾತು ಹ್ಯಾಂಗ ನಂಬಿದ್ರಿ?”

“ನಂಬಿದ್ದೆ ಅಂತ ಯಾರಂದ್ರು? ಅರ್ಧಾ ನಂಬಿದ್ದೆ.” ಉಸಿರು ತೆಗೆದುಕೊಂಡು ಮುಂದುವರಿಸಿದರು. “ನೀ ಅಂದದ್ದು ಸುಳ್ಳಾಗಿದ್ರ ನಾವು ಒಂದು ಆಟ ಸೋಲ್ತಿದ್ವಿ, ನಾ ಒಬ್ಬ ಮನಶಾನ ಕಾಲಿಗೆ ಬಿದ್ದು ತಪ್ಪಾತಂತಿದ್ದೆ. ಖರೇ ಇದ್ದು ನಾ ಸುಮ್ಮನ ಕುಂತಿದ್ರ ಯಾರ ಕಾಲಿಗೆ ಬೀಳಲೋ?”

ಎರಡು ವಾರಕ್ಕೆ ಹೋದರು. ಮಣ್ಣಿಗೆ ಮಾರ್ಕೆಟ್ಟೆಲ್ಲ ಬಂದಿತ್ತು.

ನನ್ನನ್ನು ಪೂರ್ತಿ ನಂಬುವವರು ಊರಲ್ಲಿ ಇವತ್ತಿಗೂ ಯಾರೂ ಇಲ್ಲ, ಅವ್ವನೂ ಸೇರಿ. ಅದರ ಬಗ್ಗೆ ನನ್ನ ತಕರಾರಿಲ್ಲ, ಗಳಿಸಿದ್ದು ನಾನೇ. ಆದರೆ ಒಬ್ಬ ಮಂಗ್ಯಾನ ಮಾತನ್ನು ಅರ್ಧ ನಂಬಿ, ಪೂರ್ತಿ ನಂಬುವವರೆಗೆ ಕಾಯದೆ ಎದ್ದು ನಡೆದವರು ಅವರೊಬ್ಬರೇ. ನಾನು ಇದನ್ನು ಕೂತು ಬರೆಯುವಷ್ಟು ನೆಟ್ಟಗೆ ಉಳಿದದ್ದು ಆ ಅರ್ಧದಿಂದ.